ಖಾನಾವಳಿಯ ಬೋರ್ಡು ಓದೋಣ ಬರ್ರಿ



ಕೆಲಸಕ್ಕೆಂದು ಧಾರವಾಡಕ್ಕೆ ಬಂದಿದ್ದೀರಿ. ಮಧ್ಯಾಹ್ನ ಆಗಿದೆ. ಹೊಟ್ಟೆ ಹಸಿದಿದೆ. ಪೇಟೆಯಲ್ಲಿ ಒಂದು ಬೋರ್ಡು ಕಾಣುತ್ತದೆ. ಒಂದೊಂದೇ ಅಕ್ಷರ ಕೂಡಿಸಿ ಓದಿರಿ.

ಖಾ – ನಾ – ವ – ಳಿ. ಖಾನಾವಳಿ!

ಖಾನಾ ಅಂದರೆ ಊಟ. ಖಾನಾವಳಿ ಅಂದರೆ ರೊಕ್ಕ ಕೊಟ್ಟು ಊಟ ಮಾಡುವ ಜಾಗ. ಬೆಂಗಳೂರು, ಮೈಸೂರಿನ ಕಡೆ ಹೋಟೆಲ್ ಅಂದರೆ ಇಡ್ಲಿ, ದೋಸೆ, ಕಾಫಿ ನೆನಪಾಗುತ್ತದೆ. ನಮ್ಮ ಹುಬ್ಬಳ್ಳಿ-ಧಾರವಾಡದ ಹಳೇ ಹೋಟೆಲ್ ಅಂದರೆ ಖಾನಾವಳಿ. ಅಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳು ಪಲ್ಯ, ಶೇಂಗಾ ಚಟ್ನಿ, ಮೊಸರು, ಹಸಿ ಉಳ್ಳಾಗಡ್ಡಿ. ನಾವು ಮನೆಯಲ್ಲಿ ಮಾಡುವ ಅಡಿಗೆಯೇ ಅಲ್ಲೂ ಇರುತ್ತದೆ. ಧಾರವಾಡದ ಬಸಪ್ಪ ಖಾನಾವಳಿಯ ಹೆಸರು ಬಹಳ ಮಂದಿಗೆ ಗೊತ್ತು.

ಖಾನಾವಳಿ ಹ್ಯಾಂಗ ಬೆಳೀತು?

ಹಿಂದೆ ದೂರ ಹೋಗುವವರು ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದರು. ಬುತ್ತಿ ಎರಡು ದಿನ ಬಂದೀತು, ಮೂರು ದಿನ ಬಂದೀತು. ತಿಂಗಳುಗಟ್ಟಲೆ ಇರುವವರು ಏನು ಮಾಡಬೇಕು?

ಧಾರವಾಡ ಜಿಲ್ಲೆಗೆ ಮುಖ್ಯ ಊರು. ಕೋರ್ಟು ಕಚೇರಿಗೆ ಜನ ಬರುತ್ತಿದ್ದರು. 1917ರಲ್ಲಿ ಇಲ್ಲಿ ಕರ್ನಾಟಕ ಕಾಲೇಜು ಶುರುವಾಯಿತು. 1950ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಮುಂಬಯಿಯಿಂದ ಧಾರವಾಡಕ್ಕೆ ಬಂತು. ಹಳ್ಳಿಯ ಹುಡುಗರು ಕಲಿಯಲಿಕ್ಕೆ ಬಂದರು. ಹುಬ್ಬಳ್ಳಿಯಲ್ಲಿ ರೈಲು ಬಂತು, ರೈಲ್ವೆ ಕಾರ್ಖಾನೆ ಬಂತು. ಹತ್ತಿ ವ್ಯಾಪಾರ ಬೆಳೆಯಿತು. ಇವರಿಗೆಲ್ಲ ಮನೆಯಂಥ ಊಟ ಬೇಕಾಗಿತ್ತು. ಹೀಗೆ ಖಾನಾವಳಿಗಳು ಬೆಳೆದವು. ತಿಂಗಳಿಗೆ ಇಷ್ಟು ಅಂತ ರೊಕ್ಕ ಕೊಟ್ಟು ಉಣ್ಣುವ ಪದ್ಧತಿಯೂ ಬಂತು.

ಬೋರ್ಡಿನ ಮೇಲೆ ಜಾತಿ ಯಾಕ?

ಕೆಲವು ಬೋರ್ಡುಗಳ ಮೇಲೆ ಲಿಂಗಾಯತ ಖಾನಾವಳಿ ಅಂತ ಇರುತ್ತದೆ. ಕೆಲವು ಕಡೆ ಸಾವಜಿ ಖಾನಾವಳಿ ಅಂತ ಇರುತ್ತದೆ. ಹಿಂದಿನ ಕಾಲದಲ್ಲಿ ಯಾರ ಕೈಯಡಿಗೆ ಅಂತ ಕೇಳಿಯೇ ಜನ ಉಣ್ಣುತ್ತಿದ್ದರು. ಅದಕ್ಕೇ ಇಂಥ ಹೆಸರು ಬಂದವು. ಈಗ ಆ ಹೆಸರು ಊಟದ ಬಗೆಯನ್ನು ತಿಳಿಸುತ್ತದೆ. ಲಿಂಗಾಯತ ಖಾನಾವಳಿ ಅಂದರೆ ಸಸ್ಯಾಹಾರ. ಸಾವಜಿ ಅಂದರೆ ಖಾರದ ಮಾಂಸದ ಊಟ.

ಹಾಗಾದರೆ ಬೇರೆಯವರು ಒಳಗೆ ಹೋಗಬಾರದೇನು? ಹೋಗಬಹುದು! ನಮ್ಮ ಸಂವಿಧಾನ 1950ರ ಜನವರಿ 26ರಂದು ಜಾರಿಗೆ ಬಂತು. ಅದರ 15ನೇ ವಿಧಿ ಏನು ಹೇಳುತ್ತದೆ? ಧರ್ಮ, ಜಾತಿ, ಹುಟ್ಟಿದ ಊರು ನೋಡಿ ಯಾರನ್ನೂ ಹೋಟೆಲಿನಿಂದ ಹೊರಗೆ ಇಡುವಂತಿಲ್ಲ. ಹೆಣ್ಣು ಅಂತ ಹೇಳಿ ಹೊರಗೆ ಇಡುವಂತಿಲ್ಲ. ಬೇರೆ ಬಟ್ಟಲು, ಬೇರೆ ಜಾಗ ಅನ್ನುವ ಮುಟ್ಟು-ತಟ್ಟಿನ ಆಚರಣೆ ಅಪರಾಧ. ಹೋಟೆಲಿನ ಬಾಗಿಲು ಎಲ್ಲರಿಗೂ ತೆರೆದೇ ಇರಬೇಕು. ಇದು ಯಾರೋ ಕೊಡುವ ಭಿಕ್ಷೆ ಅಲ್ಲ. ನಮ್ಮ ಹಕ್ಕು.

ಒಳಗಿನ ಕೈಗಳು

ಒಂದು ಮಾತು ವಿಚಾರ ಮಾಡ್ರಿ. ಬಹಳ ವರ್ಷ ಖಾನಾವಳಿಯ ಹೊರಗಿನ ಸಾಲಿನಲ್ಲಿ ಗಂಡಸರೇ ಹೆಚ್ಚು ಕೂತಿರುತ್ತಿದ್ದರು. ಒಳಗೆ ಒಲೆಯ ಮುಂದೆ ರೊಟ್ಟಿ ಬಡಿಯುವವರು ಯಾರು? ಹೆಣ್ಣುಮಕ್ಕಳು. ರೊಟ್ಟಿ ಬಡಿಯುವ ಸಪ್ಪಳ ಹೊರಗೆ ಕೇಳುತ್ತದೆ. ಬಡಿದವಳ ಹೆಸರು ಮಾತ್ರ ಬೋರ್ಡಿನ ಮೇಲೆ ಇರುವುದಿಲ್ಲ.

ಜೋಳದ ಹಿಟ್ಟಿಗೆ ಗೋದಿಯಷ್ಟು ಜಿಗಿ ಇಲ್ಲ. ಕುದಿಯುವ ನೀರು ಹಾಕಿ ನಾದಬೇಕು. ಹರಿಯದಂತೆ ತಟ್ಟಬೇಕು. ಇದು ಸಣ್ಣ ವಿದ್ಯೆ ಅಲ್ಲ. ಈಗ ಬಹಳ ಊರುಗಳಲ್ಲಿ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಕಡಕ್ ರೊಟ್ಟಿ ಮಾಡಿ ಖಾನಾವಳಿಗೆ, ಅಂಗಡಿಗೆ ಕೊಡುತ್ತಾರೆ. ಆದರೆ ಲೆಕ್ಕ ಬರೆಯದಿದ್ದರೆ ದುಡಿದದ್ದು ಕೈಗೆ ಹತ್ತುವುದಿಲ್ಲ. ಒಂದು ಲೆಕ್ಕ ಮಾಡೋಣ. ಈ ಅಂಕಿ ಲೆಕ್ಕ ಕಲಿಯಲಿಕ್ಕೆ ಮಾತ್ರ.

100 ರೊಟ್ಟಿ, ಒಂದಕ್ಕೆ 8 ರೂಪಾಯಿ. ಬಂದದ್ದು 800 ರೂಪಾಯಿ.
ಹಿಟ್ಟಿಗೆ 300 ರೂಪಾಯಿ.
ಗ್ಯಾಸಿಗೆ 80 ರೂಪಾಯಿ.
ಒಯ್ದು ಕೊಡುವ ಖರ್ಚು 20 ರೂಪಾಯಿ.
ಒಟ್ಟು ಖರ್ಚು 400 ರೂಪಾಯಿ.
ಉಳಿದದ್ದು 400 ರೂಪಾಯಿ.

ಈ 400 ರೂಪಾಯಿ ಪೂರಾ ಲಾಭ ಏನ್ರಿ? ಅಲ್ಲ. ಅದರಲ್ಲಿ ನಿಮ್ಮ ಕೂಲಿ ಅದ. ನಾಲ್ಕೈದು ತಾಸು ಒಲೆಯ ಮುಂದೆ ಕೂತದ್ದಕ್ಕೆ ಕೂಲಿ ಹಿಡಿಯಬೇಕು. ಕೂಲಿ ಕಳೆದು ಉಳಿದದ್ದೇ ಲಾಭ. ಕೂಲಿ ಬರೆಯುವುದನ್ನು ಮರೆಯಬ್ಯಾಡ್ರಿ. ನಾವು ಬರೆಯದಿದ್ದರೆ ಬೇರೆ ಯಾರೂ ಬರೆಯುವುದಿಲ್ಲ.

ಊಟಕ್ಕೆ ಕೂಡುವ ಮೊದಲು

ಗ್ವಾಡಿಯ ಮೇಲೆ ದರದ ಪಟ್ಟಿ ಇದ್ದರೆ ಓದಿರಿ. ಇಲ್ಲದಿದ್ದರೆ ಕೇಳಿರಿ. ಆಹಾರ ಸುರಕ್ಷತೆಯ ಲೈಸೆನ್ಸ್ ಕಾಗದ ಕಾಣುವಂತೆ ಹಾಕಬೇಕು ಅಂತ ನಿಯಮ ಇದೆ. ಅದರ ಮೇಲೆ 14 ಅಂಕಿಯ ನಂಬರು ಇರುತ್ತದೆ. ಉಂಡ ಮೇಲೆ ಬಿಲ್ಲು ಇಸಕೊಳ್ರಿ. ಒಂದೊಂದೇ ಸಾಲು ಕೂಡಿಸಿ ನೋಡಿ ರೊಕ್ಕ ಕೊಡ್ರಿ.

ಸುತ್ತಮುತ್ತ ಏನೇನು ನೋಡಬಹುದು?

ಊಟ ಆಯಿತು. ಮನೆಯ ಕಡೆ ಓಡುವ ಅವಸರ ಇಲ್ಲದಿದ್ದರೆ ಊರು ನೋಡೋಣ ಬರ್ರಿ. ಇನ್ನೊಂದು ದಿನ ಗೆಳತಿಯರು ಕೂಡಿ ಬಂದರೂ ಆದೀತು.

ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಇದೆ. ಕನ್ನಡ ಉಳಿಸಲಿಕ್ಕೆ ಅಂತ 1890ರಲ್ಲಿ ಕಟ್ಟಿದ ಸಂಘ ಅದು. ಸಾಧನಕೇರಿಯಲ್ಲಿ ಕವಿ ದ. ರಾ. ಬೇಂದ್ರೆಯವರ ಮನೆ ಇದೆ. ಅವರಿಗೆ 1973ರಲ್ಲಿ ಜ್ಞಾನಪೀಠ ಪ್ರಶಸ್ತಿ ಬಂತು. ನಾವು ಮನೆಯಲ್ಲಿ ಆಡುವ ಮಾತಿನಲ್ಲೇ ಅವರು ಬಹಳ ಪದ್ಯ ಬರೆದರು. ನಮ್ಮ ಮಾತು ಒರಟು ಅಂತ ನಾಚಬ್ಯಾಡ್ರಿ. ಹೊರಡುವಾಗ ಪೇಡೆ ತೊಗೊಳ್ರಿ. ಧಾರವಾಡ ಪೇಡೆ ಈ ಊರಿನ ತಿನಿಸು ಅಂತ ಸರ್ಕಾರದಲ್ಲಿ ದಾಖಲೆ ಆಗಿದೆ.

ಧಾರವಾಡದಿಂದ ಹುಬ್ಬಳ್ಳಿ ಸುಮಾರು 20 ಕಿಲೋಮೀಟರು. ಬಸ್ಸಿನ ಬೋರ್ಡು ಓದಿ ಹತ್ತಿರಿ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಶುರುವಾಗಿದೆ. ಕರ್ನಾಟಕದ ಹೆಣ್ಣುಮಕ್ಕಳಿಗೆ ಸರ್ಕಾರದ ಸಾಮಾನ್ಯ ಬಸ್ಸಿನಲ್ಲಿ ರೊಕ್ಕ ಇಲ್ಲ. ಎಸಿ ಬಸ್ಸಿಗೆ ಈ ಸವಲತ್ತು ಇಲ್ಲ. ಗುರುತಿನ ಚೀಟಿ ಸಂಗಡ ಇರಲಿ. ಕಂಡಕ್ಟರ್ ಕೊಡುವ ಟಿಕೆಟ್ ಇಸಕೊಳ್ರಿ.

ದಾರಿಯಲ್ಲಿ ಉಣಕಲ್ ಸಿಗುತ್ತದೆ. ಅಲ್ಲಿ ದೊಡ್ಡ ಕೆರೆ ಇದೆ. ಚಾಲುಕ್ಯರ ಕಾಲದ ಚಂದ್ರಮೌಳೇಶ್ವರ ಗುಡಿ ಇದೆ. ಕಲ್ಲಿನ ಕೆತ್ತನೆ ನೋಡುವಂಥದ್ದು.

ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ಸಂಘ ಇದೆ. 1957ರಲ್ಲಿ ಶುರುವಾದ ಸಂಘ. ದೇಶದ ಖಾದಿ ಬಾವುಟ ಇಲ್ಲಿ ತಯಾರಾಗುತ್ತದೆ. ನೂಲು ತೆಗೆಯುವವರು, ಹೊಲಿಯುವವರು ಹೆಚ್ಚಾಗಿ ಹೆಣ್ಣುಮಕ್ಕಳು. ಖಾನಾವಳಿಯ ರೊಟ್ಟಿ ಇರಲಿ, ಹಾರುವ ಬಾವುಟ ಇರಲಿ, ಹಿಂದೆ ಇರುವುದು ನಮ್ಮಂಥವರ ಕೈ.

ಕೊನೆಗೆ ಸಿದ್ಧಾರೂಢ ಮಠಕ್ಕೆ ಹೋಗೋಣ. ಸಿದ್ಧಾರೂಢರು 1929ರಲ್ಲಿ ಸಮಾಧಿಯಾದರು. ಅವರ ಮಠದಲ್ಲಿ ಬಂದವರಿಗೆ ಜಾತಿ ಕೇಳದೆ ಊಟ ಬಡಿಸುತ್ತಾರೆ. ಅದಕ್ಕೆ ದಾಸೋಹ ಅನ್ನುತ್ತಾರೆ. ಹುಬ್ಬಳ್ಳಿ ರೈಲು ನಿಲ್ದಾಣಕ್ಕೂ ಅವರದೇ ಹೆಸರು. ಆ ನಿಲ್ದಾಣದಲ್ಲಿ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಇದೆ. 2023ರಲ್ಲಿ ಉದ್ಘಾಟನೆ ಆಯಿತು. ಒಂದು ತುದಿಯಿಂದ ಇನ್ನೊಂದು ತುದಿಗೆ ಹೋದರೆ ಒಂದೂವರೆ ಕಿಲೋಮೀಟರು ನಡೆದಂಗ! ಅದಕ್ಕೇ ನಮ್ಮ ಡಬ್ಬಿ ಎಲ್ಲಿ ನಿಲ್ಲುತ್ತದೆ ಅಂತ ಬೋರ್ಡು ಓದಿಯೇ ನಡೆಯಬೇಕು.

ಅಕ್ಷರ ಕಲಿತದ್ದು ಸಹಿ ಮಾಡಲಿಕ್ಕೆ ಮಾತ್ರ ಅಲ್ಲ. ಬೋರ್ಡು ಓದಿ ಬಸ್ಸು ಹತ್ತಲಿಕ್ಕೆ, ದರ ಓದಿ ಊಟಕ್ಕೆ ಕೂಡಲಿಕ್ಕೆ, ನಮ್ಮ ಕೂಲಿ ನಾವೇ ಬರೆಯಲಿಕ್ಕೆ ಅಕ್ಷರ ಬೇಕು.

ಈಗ ನೀವು ಮಾಡಿರಿ

1. ನಿಮ್ಮೂರಿನ ಐದು ಬೋರ್ಡು ಓದಿ, ವಹಿಯಲ್ಲಿ ಬರೆಯಿರಿ.
2. ನೀವು 50 ರೊಟ್ಟಿ ಮಾಡಿ ಮಾರಿದರೆ ಖರ್ಚು ಎಷ್ಟು? ಕೂಲಿ ಎಷ್ಟು? ಬರೆಯಿರಿ.
3. ಹೋಟೆಲಿನ ಒಳಗೆ ಯಾರನ್ನಾದರೂ ಬಿಡದಿದ್ದರೆ ಅದು ಯಾಕೆ ತಪ್ಪು? ಗುಂಪಿನಲ್ಲಿ ಮಾತಾಡಿರಿ.