ಕಥನಗೀತೆಯ ಪಾತ್ರಗಳೂ ಕೇಳುಗರ ಬಾಂಧವ್ಯವೂ: ‘ಕೆರೆಗೆ ಹಾರ’ದ ನಿದರ್ಶನ

ಕಥೆಯೊಳಗಿನ ವ್ಯಕ್ತಿ ತನ್ನ ಮನೆಯವಳಲ್ಲ, ತನ್ನ ಊರಿನವಳಲ್ಲ, ಬಹುಶಃ ಎಂದೂ ಬದುಕಿದ್ದವಳೇ ಅಲ್ಲ ಎಂಬುದನ್ನು ಬಲ್ಲ ಕೇಳುಗನೂ ಆಕೆಗಾಗಿ ಮರುಗುತ್ತಾನೆ. ಈ ಮರುಕಕ್ಕೆ ಆಧಾರವೇನು ಎಂಬ ಪ್ರಶ್ನೆ ಪೂರ್ವಪಶ್ಚಿಮಗಳೆರಡರ ಚಿಂತಕರನ್ನೂ ಕಾಡಿದೆ. ಟಾಲ್‌ಸ್ಟಾಯ್ ಅವರ ಅನ್ನಾ ಕರೆನಿನಾಳ ಗತಿಗೆ ಓದುಗ ಏಕೆ ಕಣ್ಣೀರಿಡಬೇಕು ಎಂದು ತತ್ತ್ವಜ್ಞ ಕಾಲಿನ್ ರ‍್ಯಾಡ್‌ಫರ್ಡ್ 1975ರಲ್ಲಿ ಕೇಳಿ, ಆ ಭಾವವು ಸಹಜವಾದರೂ ತರ್ಕಸಂಗತವಲ್ಲವೆಂದು ವಾದಿಸಿದರು. ಕೆಂಡಾಲ್ ವಾಲ್ಟನ್ 1978ರಲ್ಲಿ ಇದನ್ನು ಮಕ್ಕಳ ನಟನೆಯಾಟಕ್ಕೆ ಸಮೀಪವಾದ ಅನುಭವವೆಂದು ವಿವರಿಸಿದರು. ಅದಕ್ಕೂ ಮೊದಲು, 1956ರಲ್ಲಿ, ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ದೂರದರ್ಶನದ ವ್ಯಕ್ತಿಗಳೊಡನೆ ನೋಡುಗರು ಬೆಳೆಸಿಕೊಳ್ಳುವ ಏಕಮುಖ ಆಪ್ತತೆಯನ್ನು ಗುರುತಿಸಿದ್ದರು. ಈ ವಿವೇಚನೆಗಳೆಲ್ಲ ಮುಖ್ಯವಾಗಿ ಕಾದಂಬರಿ, ಚಲನಚಿತ್ರ, ದೂರದರ್ಶನಗಳನ್ನು ಆಧರಿಸಿದವು. ಹಾಡುವವರೂ ಕೇಳುವವರೂ ಒಂದೇ ಅಂಗಳದಲ್ಲಿ ಕುಳಿತಿರುವ ಮೌಖಿಕ ಪರಂಪರೆಯಲ್ಲಿ ಈ ಬಾಂಧವ್ಯದ ಸ್ವರೂಪ ಬೇರೆಯಾಗಿರುತ್ತದೆ. ‘ಕೆರೆಗೆ ಹಾರ’ ಕಥನಗೀತೆಯನ್ನು ಮುಖ್ಯ ಆಕರವಾಗಿಟ್ಟುಕೊಂಡು ಅದನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕಥೆ ಕನ್ನಡಿಗರಿಗೆ ಪರಿಚಿತವಾದುದು. ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ. ಹನಿ ನೀರೂ ಬೀಳುವುದಿಲ್ಲ. ಸೊಸೆಯೊಬ್ಬಳನ್ನು ಹಾರ ಕೊಡಬೇಕೆಂದು ಶಾಸ್ತ್ರ ಹೇಳುತ್ತದೆ. ಆಯ್ಕೆ ಕಿರಿಸೊಸೆ ಭಾಗೀರಥಿಯ ಮೇಲೆ ಬೀಳುತ್ತದೆ. ಸುದ್ದಿ ತಿಳಿದ ಆಕೆ ತವರಿಗೆ ಹೋಗುತ್ತಾಳೆ. ಬಾಡಿದ ಮುಖವೇಕೆಂದು ಹೆತ್ತವರು ಕೇಳಿದರೆ, ಅತ್ತೆಮಾವ ಬೇರೆ ಇಡುತ್ತಾರಂತೆ ಎಂದು ಸುಳ್ಳು ಹೇಳುತ್ತಾಳೆ. ಗೆಳತಿಯ ಮುಂದೆ ಮಾತ್ರ ನಿಜ ನುಡಿಯುತ್ತಾಳೆ. ಮರಳಿ ಬಂದು ಅಡಿಗೆ ಮಾಡಿ, ಮನೆಯವರೊಡನೆ ಗಂಗೆಪೂಜೆಗೆ ಹೋಗಿ, ಮರೆತುಬಿಟ್ಟ ಬಂಗಾರದ ಬಿಂದಲಿಯನ್ನು ತರಲು ಒಬ್ಬಳೇ ಹಿಂದಿರುಗಿದಾಗ ನೀರು ಮೆಟ್ಟಿಲು ಮೆಟ್ಟಿಲಾಗಿ ಏರಿ ಆಕೆಯನ್ನು ಒಳಗೊಳ್ಳುತ್ತದೆ. ದಂಡಿನಲ್ಲಿದ್ದ ಪತಿ ಮಾದೇವರಾಯ ಕೆಟ್ಟ ಕನಸು ಕಂಡು ಬಂದು, ಸತ್ಯವರಿತು, ಅದೇ ಕೆರೆಗೆ ಹಾರುತ್ತಾನೆ.

ಇಲ್ಲಿ ಮೊದಲು ಗಮನಿಸಬೇಕಾದುದು ಪಾತ್ರವನ್ನು ಕೇಳುಗರಿಗೆ ಪರಿಚಯಿಸುವ ಕ್ರಮ. ಭಾಗೀರಥಿಯ ರೂಪದ ವರ್ಣನೆ ಹಾಡಿನಲ್ಲಿ ಮುಖ್ಯವಲ್ಲ. ಆಕೆಯ ಮನಸ್ಸಿನ ವಿಶ್ಲೇಷಣೆಯಂತೂ ಇಲ್ಲವೇ ಇಲ್ಲ. ಆಕೆ ಕಿರಿಸೊಸೆ, ಮಗಳು, ಗೆಳತಿ, ಹೆಂಡತಿ. ಅಂದರೆ ಸಂಬಂಧಗಳ ಗಂಟು. ಕಾದಂಬರಿಯ ಓದುಗ ಪಾತ್ರದ ಅಂತರಂಗವನ್ನು ಹೊಕ್ಕು ಆಪ್ತನಾದರೆ, ಕಥನಗೀತೆಯ ಕೇಳುಗಿತ್ತಿ ಸಂಬಂಧದ ಹೊಸ್ತಿಲನ್ನು ದಾಟಿ ಒಳಬರುತ್ತಾಳೆ. ಕಿರಿಸೊಸೆಯೆಂಬ ಒಂದೇ ಪದ ಅವಿಭಕ್ತ ಕುಟುಂಬದ ಶ್ರೇಣಿಯಲ್ಲಿ ಆಕೆಯ ಸ್ಥಾನವನ್ನೂ ಅಸಹಾಯಕತೆಯನ್ನೂ ಸೂಚಿಸಿಬಿಡುತ್ತದೆ. ಮುಖವನ್ನು ಖಾಲಿ ಬಿಟ್ಟಿರುವುದರಿಂದಲೇ ಕೇಳುವ ಪ್ರತಿಯೊಬ್ಬಳೂ ಅಲ್ಲಿ ತನ್ನ ಅಕ್ಕನ, ತನ್ನ ಮಗಳ ಅಥವಾ ತನ್ನದೇ ಮುಖವನ್ನು ಇಡಬಲ್ಲಳು.

ಭಾರತೀಯ ಕಾವ್ಯಮೀಮಾಂಸೆ ಇದೇ ಸಮಸ್ಯೆಯನ್ನು ಸಾಧಾರಣೀಕರಣ ತತ್ತ್ವದ ಮೂಲಕ ಬಿಡಿಸಿತು. ಭಟ್ಟನಾಯಕ ಮುಂದಿಟ್ಟು ಅಭಿನವಗುಪ್ತ ಬೆಳೆಸಿದ ಈ ತತ್ತ್ವದಂತೆ, ಶೋಕವು ಇಂಥವನದು ಎಂಬ ಕಟ್ಟುಪಾಡಿನಿಂದ ಬಿಡುಗಡೆಗೊಂಡು ಸರ್ವರಿಗೂ ಸಮಾನವಾದಾಗ ಕರುಣರಸವಾಗಿ ಆಸ್ವಾದ್ಯವಾಗುತ್ತದೆ. 1953ರಲ್ಲಿ ಪ್ರಕಟವಾದ ತೀ.ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ ಈ ವಿಚಾರವನ್ನು ಕನ್ನಡದಲ್ಲಿ ವಿಶದವಾಗಿ ಪ್ರತಿಪಾದಿಸಿದೆ. ಕಥನಗೀತೆಯಲ್ಲಿಯೂ ಈ ಕ್ರಿಯೆ ನಡೆಯುತ್ತದೆ. ಆದರೆ ಅಲ್ಲಿಗೆ ನಿಲ್ಲುವುದಿಲ್ಲ. ಭಾಗೀರಥಿಯ ದುಃಖ ಎಲ್ಲರದಾದ ಮೇಲೆ ಮತ್ತೆ ಒಬ್ಬೊಬ್ಬರದಾಗುತ್ತದೆ. ಹಾಡುವವಳು ತನ್ನ ತವರನ್ನು ನೆನೆದು ಅಳುತ್ತಾಳೆ, ಪಕ್ಕದವಳು ತನ್ನದನ್ನು. ಶಿಷ್ಟ ರಂಗಭೂಮಿಯ ಸಹೃದಯನಿಗೆ ಸ್ವಂತ ದುಃಖದ ಸ್ಮರಣೆ ರಸವಿಘ್ನವೆನಿಸಿದರೆ, ಅಂಗಳದ ಕೇಳುಗಿತ್ತಿಗೆ ಅದೇ ಹಾಡಿನ ಫಲ. ಜನಪದ ಭಾವನಾಸಂಬಂಧವನ್ನು ರಸಸಿದ್ಧಾಂತದಿಂದಷ್ಟೇ ಅಳೆಯಲಾಗದಿರುವುದು ಈ ಕಾರಣಕ್ಕೆ.

ಎರಡನೆಯ ಅಂಶ ಗುಟ್ಟಿನ ಹಂಚಿಕೆ. ತವರಿನ ಭಾಗವನ್ನು ಪರಿಶೀಲಿಸಿದರೆ, ತಂದೆತಾಯಿಗೆ ತಿಳಿಯದ ಸತ್ಯ ಇಬ್ಬರಿಗೆ ತಿಳಿದಿದೆ: ಒಬ್ಬಳು ಗೆಳತಿ, ಇನ್ನೊಬ್ಬರು ಕೇಳುಗರು. ಭಾಗೀರಥಿ ಸುಳ್ಳು ಹೇಳಿದ ಕ್ಷಣದಲ್ಲಿಯೇ ಕೇಳುಗರು ಗೆಳತಿಯ ಸ್ಥಾನದಲ್ಲಿ ನಿಲ್ಲುತ್ತಾರೆ. ಆದರೆ ಆ ಗೆಳತಿಯೂ ತಡೆಯುವುದಿಲ್ಲ. ಕೊಟ್ಟ ಮನೆಯವರು ಇಟ್ಟಂತೆ ಇರಬೇಕೆಂಬ ಲೋಕನೀತಿಯನ್ನೇ ಹೇಳಿ ಕಳಿಸುತ್ತಾಳೆ. ತಿಳಿದೂ ಏನೂ ಮಾಡಲಾಗದ ಈ ಸ್ಥಿತಿ ಬಾಂಧವ್ಯವನ್ನು ಗಾಢಗೊಳಿಸುತ್ತದೆ. ಕಥೆಯ ಕೊನೆ ಎಲ್ಲರಿಗೂ ಮೊದಲೇ ಗೊತ್ತಿರುವುದು ಭಾವವನ್ನು ತಗ್ಗಿಸುವುದಿಲ್ಲವೆಂಬುದಕ್ಕೂ ಇದೇ ಸಮಾಧಾನ. ನೂರನೆಯ ಸಲ ಕೇಳುವವಳು ಮುಂದೇನೆಂಬ ಕುತೂಹಲದಿಂದ ಕೇಳುವುದಿಲ್ಲ; ಬಿಂದಲಿಯ ಮಾತು ಬಂದೊಡನೆ ಅದು ಯಾವುದಕ್ಕೆ ನೆಪವೆಂದು ಬಲ್ಲವಳಾಗಿ ಕೇಳುತ್ತಾಳೆ.

ಮೂರನೆಯದು ಆಡಲಾಗದ ಮಾತಿಗೆ ಪಾತ್ರವು ಒದಗಿಸುವ ಮರೆ. ಎ.ಕೆ. ರಾಮಾನುಜನ್ ಅವರು 1991ರ ತಮ್ಮ ಭಾರತೀಯ ಜನಪದ ಕಥೆಗಳ ಸಂಕಲನದಲ್ಲಿ ನೀಡಿರುವ ತಮಿಳು ಕಥೆಯೊಂದು ಇದಕ್ಕೆ ಒಳ್ಳೆಯ ರೂಪಕ. ಮಕ್ಕಳುಸೊಸೆಯರಿಂದ ನೊಂದ ಮುದುಕಿ ತನ್ನ ಸಂಕಟವನ್ನು ಯಾರಿಗೂ ಹೇಳಲಾರದೆ ಊದಿಕೊಳ್ಳುತ್ತ ಹೋಗುತ್ತಾಳೆ. ಕೊನೆಗೆ ಪಾಳುಮನೆಯ ಗೋಡೆಗಳ ಮುಂದೆ ಒಂದೊಂದೇ ದೂರನ್ನು ತೋಡಿಕೊಂಡಾಗ ಒಂದೊಂದು ಗೋಡೆ ಕುಸಿಯುತ್ತದೆ, ಆಕೆ ಹಗುರಾಗುತ್ತಾಳೆ. ಅದೇ ಸಂಕಲನದ ಕನ್ನಡ ಕಥೆಯೊಂದರಲ್ಲಿ, ಹೆಂಗಸೊಬ್ಬಳು ಹೇಳದೆ ಒಳಗಿಟ್ಟುಕೊಂಡ ಕಥೆಯೂ ಹಾಡೂ ಹೊರಬಂದು ಜೋಡು ಹಾಗೂ ಅಂಗಿಯ ರೂಪ ತಾಳಿ ಸೇಡು ತೀರಿಸಿಕೊಳ್ಳುತ್ತವೆ. ಅತ್ತೆಮನೆಯ ದೂರನ್ನು ನೇರವಾಗಿ ಆಡಿದರೆ ಜಗಳ; ಭಾಗೀರಥಿಯ ಹೆಸರಿನಲ್ಲಿ ಹಾಡಿದರೆ ಅದು ಹಾಡು. ಅತ್ತೆಯೂ ಕುಳಿತು ಕೇಳಬಹುದಾದ ದೂರು ಅದು. ಪಾತ್ರದ ಮೇಲಿನ ಪ್ರೀತಿಯಲ್ಲಿ ಈ ಕೃತಜ್ಞತೆಯ ಪಾಲೂ ಇದೆ.

ಪಾತ್ರದೊಡನೆ ಅದರ ಲೋಕವೂ ಆಪ್ತವಾಗುವುದು ನೆಲದ ಮೂಲಕ. ಹಾವೇರಿ ಜಿಲ್ಲೆಯ ಮಾಸೂರಿನಲ್ಲಿಯೂ ಚಿಕ್ಕಮಗಳೂರು ಜಿಲ್ಲೆಯ ಕಡೂರು ತಾಲ್ಲೂಕಿನಲ್ಲಿಯೂ ಮದಗದ ಕೆರೆಗಳಿವೆ. ಎರಡೂ ಕಡೆ ಕೆಂಚಮ್ಮನನ್ನು ಜನ ತಮ್ಮವಳೆನ್ನುತ್ತಾರೆ. ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಗೆ ಶಾಂತವ್ವನ ಐತಿಹ್ಯವಿದೆ. ಕೆರೆಯ ಏರಿ, ತೂಬು, ಮೆಟ್ಟಿಲುಗಳು ಕಥೆಗೆ ಸಾಕ್ಷಿಯಾಗುತ್ತವೆ. ಕಥೆ ಅವುಗಳಿಗೆ ಅರ್ಥ ಕೊಡುತ್ತದೆ. ಈ ಆಶಯ ಕನ್ನಡಕ್ಕೆ ಸೀಮಿತವಲ್ಲ. ಸ್ಕಾದರ್ ಕೋಟೆಯನ್ನು ಕುರಿತ ಸರ್ಬಿಯನ್ ಹಾಡು, ಮಾನೊಲೆ ಎಂಬ ಮೇಸ್ತ್ರಿಯ ರುಮೇನಿಯನ್ ಹಾಡು, ಆರ್ತಾ ಸೇತುವೆಯ ಗ್ರೀಕ್ ಹಾಡು ಇವೆಲ್ಲವುಗಳಲ್ಲಿ ಕಟ್ಟಡ ನಿಲ್ಲಬೇಕಾದರೆ ಹೆಣ್ಣೊಬ್ಬಳು ಗೋಡೆಯೊಳಗೆ ಸೇರಬೇಕು. ಸ್ಕಾದರಿನ ಹಾಡಿನಲ್ಲಿ ಆಕೆ ಎಳೆಗೂಸಿಗೆ ಹಾಲೂಡಲು ಗೋಡೆಯಲ್ಲಿ ಕಿಂಡಿ ಬಿಡಿಸಿಕೊಳ್ಳುತ್ತಾಳೆ. ಇಂದಿನ ಅಲ್ಬೇನಿಯದಲ್ಲಿರುವ ಆ ಕೋಟೆಯ ಗೋಡೆಯಿಂದ ಒಸರುವ ಬಿಳಿಯ ದ್ರವ ಬಾಣಂತಿಯರಿಗೆ ಹಾಲು ತರಿಸುತ್ತದೆಂಬ ನಂಬಿಕೆ ಬೆಳೆದುಬಂದಿತ್ತು. ಹಾಡಿನ ತಾಯಿ ಹೀಗೆ ಲೋಕದ ತಾಯಂದಿರಿಗೆ ನೆರವಾಗುತ್ತಾಳೆ.

ಈ ಹಂತದಲ್ಲಿ ‘ಕಲ್ಪಿತ’ ಎಂಬ ಪರಿಕಲ್ಪನೆಯೇ ಮರುಪರಿಶೀಲನೆಗೆ ಒಳಗಾಗಬೇಕಾಗುತ್ತದೆ. ಲೌರಿ ಹೊಂಕೊ ಅವರು ಗೋಪಾಲ ನಾಯ್ಕರಿಂದ ದಾಖಲಿಸಿಕೊಂಡು 1998ರಲ್ಲಿ ಪ್ರಕಟಿಸಿದ ತುಳುವಿನ ಸಿರಿ ಮಹಾಕಾವ್ಯ 15,683 ಸಾಲುಗಳದು. ಸಿರಿಜಾತ್ರೆಗಳಲ್ಲಿ ಹೆಂಗಸರು ಆವೇಶದ ಸ್ಥಿತಿಯಲ್ಲಿ ಸಿರಿಯಾಗಿ, ಆಕೆಯ ಸಂತತಿಯ ಹೆಣ್ಣುಗಳಾಗಿ ನುಡಿಯುತ್ತಾರೆ. ಅವರ ಪಾಲಿಗೆ ಸಿರಿ ಕಥೆಯ ಪಾತ್ರವಲ್ಲ, ದೈವ. ಭಾಗೀರಥಿ, ಕೆಂಚಮ್ಮ, ಸಿರಿ ಇವರನ್ನು ಒಂದೇ ಸಾಲಿನಲ್ಲಿ ಕಲ್ಪಿತರೆಂದು ಕರೆಯುವುದು ಸರಿಯಾಗದು. ಕಥೆಯ ಹೆಣ್ಣು, ಊರಿನ ಹೆಣ್ಣು, ಪೂಜೆಗೊಳ್ಳುವ ಹೆಣ್ಣು ಎಂಬ ಮೂರು ನೆಲೆಗಳು ಇಲ್ಲಿವೆ. ಭಾವಸಂಬಂಧದ ಬಗೆಯೂ ನೆಲೆಯಿಂದ ನೆಲೆಗೆ ಬದಲಾಗುತ್ತದೆ.

ಇಷ್ಟಾದ ಮೇಲೆ ಗಂಭೀರವಾದ ಪ್ರಶ್ನೆಯೊಂದು ಉಳಿಯುತ್ತದೆ. ಈ ಪ್ರೀತಿ ಯಾರಿಗೆ ಉಪಕಾರಿ? ಅಲನ್ ಡಂಡೆಸ್ ಅವರು ಗೋಡೆಗೆ ಸೇರಿದ ಹೆಣ್ಣಿನ ಹಾಡುಗಳನ್ನು ಕುರಿತ ಅಧ್ಯಯನಗಳನ್ನು 1996ರಲ್ಲಿ ಸಂಪಾದಿಸಿದಾಗ, ಮದುವೆಯೇ ಹೆಣ್ಣನ್ನು ಗೋಡೆಗಳ ನಡುವೆ ಹುದುಗಿಸುವ ಕ್ರಿಯೆಯೆಂಬ ಓದಿಗೆ ಮಹತ್ತ್ವ ಕೊಟ್ಟರು. ಹಾಗೆ ಓದಿದರೆ, ಬಲಿಯಾದವಳನ್ನು ಮನಸಾರೆ ಪ್ರೀತಿಸುವುದು ಬಲಿಯನ್ನು ಸಹ್ಯಗೊಳಿಸುವ ಉಪಾಯವೂ ಆಗಬಹುದು. ಊರಿಗೆ ನೀರು ಸಿಕ್ಕಿತು, ಭಾಗೀರಥಿಗೆ ಕಣ್ಣೀರು ಸಿಕ್ಕಿತು, ಮಲ್ಲನಗೌಡನನ್ನು ಯಾರೂ ಪ್ರಶ್ನಿಸಲಿಲ್ಲ. ಈ ಆಕ್ಷೇಪದಲ್ಲಿ ಸತ್ಯವಿದೆ. ಆದರೆ ಹಾಡು ನೀರು ತುಂಬಿದಲ್ಲಿಗೆ ಮುಗಿಯುವುದಿಲ್ಲವೆಂಬುದನ್ನೂ ಗಮನಿಸಬೇಕು. ಊರಿನ ಹಿತದ ಲೆಕ್ಕವನ್ನು ಒಪ್ಪದ ಒಬ್ಬ ವ್ಯಕ್ತಿ ದಂಡಿನಿಂದ ಮರಳಿ ಬರುತ್ತಾನೆ. ಮಾದೇವರಾಯನ ಸಾವಿನಿಂದ ಊರಿಗೆ ಯಾವ ಲಾಭವೂ ಇಲ್ಲ. ಮನೆಯವರ ನಿರ್ಧಾರಕ್ಕೆ ಅದೊಂದೇ ಪ್ರತ್ಯುತ್ತರ. ಕೇಳುಗರ ಪ್ರೀತಿ ಕಥೆಯೊಳಗೇ ಒಬ್ಬ ಪಕ್ಷಪಾತಿಯನ್ನು ಪಡೆದುಕೊಳ್ಳುತ್ತದೆ.

‘ಗೋವಿನ ಹಾಡಿ’ನಲ್ಲಿಯೂ ಇಂಥದೇ ಪಲ್ಲಟವಿದೆ. ಪುಣ್ಯಕೋಟಿಯ ಸತ್ಯನಿಷ್ಠೆಗೆ ಮನಸೋತ ಮಕ್ಕಳು ಕೊನೆಯಲ್ಲಿ ಪ್ರಾಣಬಿಟ್ಟ ಹುಲಿಗೂ ಮರುಗುತ್ತಾರೆ. ಕರ್ನಾಟಕ ಸರ್ಕಾರ 2022ರಲ್ಲಿ ಗೋವುಗಳ ದತ್ತು ಯೋಜನೆಗೆ ಪುಣ್ಯಕೋಟಿಯ ಹೆಸರನ್ನಿಟ್ಟುದು ಆ ಪಾತ್ರದ ಮೇಲಿನ ಮಮತೆಯ ವ್ಯಾಪ್ತಿಯನ್ನು ತೋರಿಸುತ್ತದೆ. ಹುಲಿಯ ಮೇಲಿನ ಮರುಕಕ್ಕೆ ಅಂತಹ ಸಾರ್ವಜನಿಕ ಸ್ಥಾನ ದೊರೆಯಲಿಲ್ಲ. ಪಾತ್ರಪ್ರೀತಿಯನ್ನು ಸಾರ್ವಜನಿಕವಾಗಿ ಬಳಸುವಾಗ ಕಥೆಯ ಒಂದು ಪಾಲು ಹೊರಗುಳಿಯುತ್ತದೆಂಬುದಕ್ಕೆ ಇದು ನಿದರ್ಶನ.

ಸಂಗ್ರಹಕಾರರು ಹಾಡಿನ ಪಠ್ಯವನ್ನು ಉಳಿಸಿಕೊಟ್ಟಿದ್ದಾರೆ. ಆ ಋಣ ದೊಡ್ಡದು. ಆದರೆ ಮುದ್ರಿತ ಪಠ್ಯದಲ್ಲಿ ಕೇಳುಗರ ಉಸಿರು ಸಾಮಾನ್ಯವಾಗಿ ದಾಖಲಾಗುವುದಿಲ್ಲ. ಬೀಸುವ ಕಲ್ಲಿನ ಜಾಗದಲ್ಲಿ ಗಿರಣಿ ಬಂದ ಮೇಲೆ, ಆ ಹಾಡುಗಳನ್ನು ಕೆಲಸದೊಡನೆ ಕಲಿತ ವಕ್ತೃಗಳ ಪೀಳಿಗೆ ಕಡಿಮೆಯಾಗುತ್ತಿದೆ. ಹಾಡುವಾಗ ದನಿ ಎಲ್ಲಿ ನಿಂತಿತು, ಯಾವ ನುಡಿಯಲ್ಲಿ ಯಾರು ಕಣ್ಣೊರೆಸಿಕೊಂಡರು, ಹಾಡು ಮುಗಿದ ಮೇಲೆ ಹೆಂಗಸರು ಯಾರ ಮನೆಯ ಮಾತೆತ್ತಿದರು ಎಂಬ ವಿವರಗಳು ಪಾಠಾಂತರಗಳಷ್ಟೇ ಬೆಲೆಯುಳ್ಳ ಆಕರಗಳು. ಅವುಗಳನ್ನು ಕ್ಷೇತ್ರಕಾರ್ಯದ ಟಿಪ್ಪಣಿಗಳಲ್ಲಿ ಪಠ್ಯದ ಪಕ್ಕದಲ್ಲಿಯೇ ದಾಖಲಿಸಿಕೊಂಡಾಗ ಮಾತ್ರ, ಭಾಗೀರಥಿ ಕೇಳುಗರಿಗೆ ಏನಾಗಿದ್ದಳೆಂಬುದನ್ನು ಊಹೆಯ ನೆರವಿಲ್ಲದೆ ಹೇಳುವುದು ಸಾಧ್ಯವಾಗುತ್ತದೆ.