ಬೆಳ್ಳಿತೆರೆಯ ವಿಮಾನವೂ ಬಲ್ಲವರ ಕಣ್ಣೂ

ಹೆಣ್ಣುಜಿಂಕೆಗೆ ಕೊಂಬಿಲ್ಲವೆಂಬುದನ್ನರಿಯದೆ ಕೊಂಬನ್ನು ಬರೆದ ಚಿತ್ರಕಾರನ ತಪ್ಪು ದೊಡ್ಡದೋ, ಜಿಂಕೆಯೆಂದು ಗುರುತೇ ಹತ್ತದಂತೆ ಬರೆದವನ ತಪ್ಪು ದೊಡ್ಡದೋ? ಅರಿಸ್ಟಾಟಲನು ತನ್ನ ಕಾವ್ಯಮೀಮಾಂಸೆಯಲ್ಲಿ ಈ ಮಾತನ್ನೆತ್ತಿ, ಮೊದಲನೆಯದೇ ಚಿಕ್ಕ ತಪ್ಪೆಂದು ತೀರ್ಪಿತ್ತಿದ್ದಾನೆ. ಕಾವ್ಯವನ್ನು ಓದಿ ಓದಿಸುವ ನಾವೆಲ್ಲ ಆ ತೀರ್ಪನ್ನು ಬಹುಕಾಲದಿಂದ ಒಪ್ಪಿಕೊಂಡು ಬಂದಿದ್ದೇವೆ. ಆದರೆ ಆ ಚಿತ್ರದ ಮುಂದೆ ಬೇಟೆಗಾರನೊಬ್ಬನನ್ನು ತಂದು ನಿಲ್ಲಿಸಿದರೆ ಅವನೇನೆಂದಾನು? ಅವನ ಕಣ್ಣು ಮೊದಲು ಹೋಗುವುದು ಕೊಂಬಿನ ಕಡೆಗೆ. ಕೊಂಬನ್ನು ಕಂಡ ಮೇಲೆ ಆ ಚಿತ್ರದಲ್ಲಿ ಅವನಿಗೆ ಬೇರೇನೂ ಕಾಣುವುದಿಲ್ಲ.

ವಿಮಾನಚಾಲಕರನ್ನು ಕುರಿತ ಚಲನಚಿತ್ರಗಳ ಮುಂದೆ ಕುಳಿತಿರುವ ಇಂದಿನ ಬೇಟೆಗಾರರು ವಿಮಾನಪ್ರಿಯರು. ಇವರು ಸ್ವತಃ ಚಾಲಕರೇ ಆಗಿರಬೇಕೆಂದಿಲ್ಲ. ನಿಲ್ದಾಣದ ಬೇಲಿಯಾಚೆ ದುರ್ಬೀನು ಹಿಡಿದು ನಿಂತು, ಬಂದು ಹೋಗುವ ವಿಮಾನಗಳ ನೋಂದಣಿ ಸಂಖ್ಯೆಗಳನ್ನು ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುವ ಹವ್ಯಾಸಿಗಳು ಇಂಗ್ಲೆಂಡಿನಲ್ಲಿ ತಲೆಮಾರುಗಳಿಂದ ಇದ್ದಾರೆ. ಯಲಹಂಕದ ವೈಮಾನಿಕ ಪ್ರದರ್ಶನದ ದಿನಗಳಲ್ಲಿ ಬೆಂಗಳೂರಿನಲ್ಲೂ ಅಂಥವರನ್ನು ಕಾಣಬಹುದು. ಭಾಮಿನಿಗೂ ವಾರ್ಧಕಕ್ಕೂ ಇರುವ ಭೇದ ಮೂರು ವರ್ಷಗಳಲ್ಲಿ ಕಿವಿಗೆ ಹತ್ತದ ವಿದ್ಯಾರ್ಥಿಯೊಬ್ಬ ನನ್ನ ತರಗತಿಯಲ್ಲಿದ್ದ. ಆದರೆ ಕಿಟಕಿಯಾಚೆ ಆಕಾಶದಲ್ಲಿ ಹಾದುಹೋದ ಸದ್ದನ್ನು ಕೇಳಿ ಅದು ಯಾವ ಎಂಜಿನಿನದೆಂದು ಆತ ತಲೆಯೆತ್ತದೆ ಹೇಳುತ್ತಿದ್ದ. ಅವನಿಗೆ ಕಿವಿಯಿಲ್ಲವೆಂದು ಯಾವ ಬಾಯಿಂದ ಹೇಳುವುದು!

ಇಂಥವರ ಆಕ್ಷೇಪಣೆಗಳು ಮೊದಲು ಕೇಳುವವರಿಗೆ ನಗೆ ತರಿಸುತ್ತವೆ. ನೆಲ ಬಿಡುವಾಗ ಎರಡು ಎಂಜಿನ್ನುಗಳಿದ್ದ ವಿಮಾನ ಮೋಡದ ನಡುವೆ ನಾಲ್ಕು ಎಂಜಿನ್ನುಗಳದ್ದಾಯಿತು. ಕಥೆಯ ಹೆಸರಿನ ವಿಮಾನ ಒಂದು, ಅದರ ಒಳಗೆ ತೋರಿಸಿದ ಚಾಲಕರ ಕೋಣೆ ಇನ್ನೊಂದರದು. ಬಿರುಗಾಳಿಯಲ್ಲಿ ಚಾಲಕ ಚಕ್ಕಡಿ ಹೊಡೆಯುವವನಂತೆ ಹಿಡಿಕೆಯನ್ನು ಜಗ್ಗಾಡಿದ. ಕಥೆಯಲ್ಲಿ ಪ್ರಾಣ ಹೋಗುವ ಪ್ರಸಂಗ ನಡೆಯುತ್ತಿರುವಾಗ ಇದನ್ನೆಲ್ಲ ಎಣಿಸುತ್ತ ಕೂರುವುದು ಅರಸಿಕತನವಲ್ಲವೆ ಎನ್ನಿಸುತ್ತದೆ. ಆದರೆ ಗದಾಯುದ್ಧದ ಭೀಮ ಮುಂಗೈಗೆ ಗಡಿಯಾರ ಕಟ್ಟಿಕೊಂಡು ರಂಗಕ್ಕೆ ಬಂದರೆ ನಮಗೇನಾಗುತ್ತದೆ? ಊರುಭಂಗವಾಗುವವರೆಗೂ ನಮ್ಮ ಕಣ್ಣು ಆ ಗಡಿಯಾರವನ್ನು ಬಿಟ್ಟು ಕದಲುವುದಿಲ್ಲ. ಕ್ಷೇಮೇಂದ್ರನು ಔಚಿತ್ಯವನ್ನು ಕಾವ್ಯದ ಜೀವವೆಂದು ಕರೆದದ್ದು ಸುಮ್ಮನೆ ಅಲ್ಲ. ಬಲ್ಲವನಿಗೆ ಮಾತ್ರ ಕಾಣುವ ಅನೌಚಿತ್ಯವೂ ಅನೌಚಿತ್ಯವೇ.

ಈ ತಪ್ಪನ್ನೇ ಬಂಡವಾಳ ಮಾಡಿಕೊಂಡು ಗೆದ್ದ ಚಿತ್ರವೂ ಒಂದುಂಟು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆಯ ಚಾಲಕನಾಗಿದ್ದ ಆರ್ಥರ್ ಹೇಲಿ, ವಿಷಾಹಾರ ತಿಂದು ಚಾಲಕರಿಬ್ಬರೂ ಕುಸಿದಾಗ ಪ್ರಯಾಣಿಕನೊಬ್ಬ ವಿಮಾನವನ್ನಿಳಿಸುವ ಕಥೆಯನ್ನು ಕೆನಡಾದ ಟೆಲಿವಿಷನ್ನಿಗಾಗಿ ೧೯೫೬ರಲ್ಲಿ ಬರೆದನು. ಅದೇ ಕಥೆ ಮರುವರ್ಷ ‘ಝೀರೋ ಅವರ್’ ಎಂಬ ಗಂಭೀರ ಚಿತ್ರವಾಯಿತು. ೧೯೮೦ರಲ್ಲಿ ಮೂವರು ತರುಣರು ಆ ಚಿತ್ರದ ಹಕ್ಕನ್ನು ಕೊಂಡು, ಅದರ ಸಂಭಾಷಣೆಯನ್ನು ಎಷ್ಟೋ ಕಡೆ ಹಾಗೆಯೇ ಉಳಿಸಿಕೊಂಡು, ‘ಏರ್‌ಪ್ಲೇನ್’ ಎಂಬ ಪ್ರಹಸನವನ್ನು ಮಾಡಿದರು. ತೆರೆಯ ಮೇಲೆ ಹಾರುವುದು ಜೆಟ್ ವಿಮಾನ; ಚಿತ್ರದುದ್ದಕ್ಕೂ ಕೇಳಿಬರುವುದು ಹಳೆಯ ಪಂಖದ ಎಂಜಿನ್ನಿನ ಗೊರಗೊರ ಸದ್ದು. ಸಾಮಾನ್ಯ ಪ್ರೇಕ್ಷಕ ಇದನ್ನು ಗಮನಿಸದೆಯೂ ನಗುತ್ತಾನೆ. ವಿಮಾನಪ್ರಿಯ ಬಿದ್ದು ಬಿದ್ದು ನಗುತ್ತಾನೆ. ತಪ್ಪು ತಿಳಿದೇ ಮಾಡಿದ್ದೆಂದು ಗೊತ್ತಾದೊಡನೆ ದೋಷವೇ ಗುಣವಾಯಿತು. ಹಾಸ್ಯಕ್ಕೆ ಇದು ಸಲ್ಲುತ್ತದೆ, ಕರುಣಕ್ಕೆ ಸಲ್ಲುವುದಿಲ್ಲ.

ಆಕಾಶದಿಂದ ಇಳಿಯುವಾಗಿನ ಸದ್ದಿನ ವಿಷಯಕ್ಕೆ ಬಂದರೆ ನಮ್ಮ ಕಾಳಿದಾಸನನ್ನು ಹೇಗೆ ಮರೆಯುವುದು? ಶಾಕುಂತಲದ ಏಳನೆಯ ಅಂಕದಲ್ಲಿ ದುಷ್ಯಂತನು ಮಾತಲಿಯ ರಥದಲ್ಲಿ ಸ್ವರ್ಗದಿಂದ ಇಳಿಯುತ್ತಾನೆ. ಬೆಟ್ಟಗಳು ಮೇಲೇಳುವಂತೆಯೂ ನೆಲ ಅವುಗಳ ಶಿಖರದಿಂದ ಕೆಳಕ್ಕೆ ಜಾರುವಂತೆಯೂ ಅವನಿಗೆ ತೋರುತ್ತದೆ. ಎಲೆಗಳ ರಾಶಿಯಾಗಿ ಕಂಡ ಮರಗಳಿಗೆ ಬೊಡ್ಡೆಗಳು ಮೂಡುತ್ತವೆ. ದೂರದಿಂದ ಅಳಿಸಿಹೋದಂತಿದ್ದ ನದಿಗಳು ಅಗಲವಾಗುತ್ತವೆ. ರಥ ನೆಲಮಟ್ಟಕ್ಕೆ ಬಂದರೂ ಚಕ್ರದ ಸದ್ದಿಲ್ಲ, ಧೂಳಿಲ್ಲ, ಬಂದು ನಿಂತದ್ದೇ ತಿಳಿಯಲಿಲ್ಲವೆಂದು ಅರಸನು ಬೆರಗಾಗುತ್ತಾನೆ. ಈ ಪ್ರಸಂಗವನ್ನು ನಮ್ಮವರು ಬಸವಪ್ಪಶಾಸ್ತ್ರಿಗಳ ಕನ್ನಡದಲ್ಲಿಯೂ ಓದಿದ್ದಾರೆ. ಇಂದು ವಿಮಾನದ ಕಿಟಕಿಯ ಪಕ್ಕ ಕುಳಿತು ಇಳಿದವರಾರೂ ಇದರಲ್ಲಿ ಕೊಂಬಿರುವ ಹೆಣ್ಣುಜಿಂಕೆಯನ್ನು ಕಾಣಲಾರರು. ಎಂದೂ ಹಾರದ ಕವಿಗೆ ಇದು ಹೇಗೆ ಸಾಧ್ಯವಾಯಿತು? ಬೆಟ್ಟದ ತುದಿಯಿಂದ ನೋಡಿದ ಕಣ್ಣು, ನೋಡಿದ್ದನ್ನು ವೇಗಕ್ಕೆ ಒಗ್ಗಿಸಿಕೊಂಡ ಕಲ್ಪನೆ, ಇಷ್ಟೇ ಇದ್ದಿರಬೇಕು. ರಥ ಸುಳ್ಳು, ಇಳಿತ ನಿಜ.

ಇದಕ್ಕೆ ನಮ್ಮ ಕಾಲದ ಜೋಡಿಯೊಂದನ್ನು ಹೇಳಬಹುದು. ನೆವಿಲ್ ಶ್ಯೂಟ್ ಇಂಗ್ಲೆಂಡಿನ ವಿಮಾನ ಎಂಜಿನಿಯರ್, ಕಾದಂಬರಿಕಾರನಾದದ್ದು ಆಮೇಲೆ. ಅವನ ‘ನೋ ಹೈವೇ’ ೧೯೪೮ರಲ್ಲಿ ಬಂತು, ೧೯೫೧ರಲ್ಲಿ ಚಿತ್ರವಾಯಿತು. ಕಥೆಯ ವಿಮಾನ ಲೋಕದಲ್ಲೆಲ್ಲೂ ಇಲ್ಲದ್ದು. ಚಿತ್ರಕ್ಕಾಗಿ ಕಟ್ಟಿದ ಅದರ ಬಾಲದ ಆಕಾರವನ್ನು ನೋಡಿ ವಿಮಾನಪ್ರಿಯರು ಇಂದಿಗೂ ನಗುತ್ತಾರೆ. ಆದರೆ ಕಥಾನಾಯಕನಾದ ಸಂಕೋಚದ ವಿಜ್ಞಾನಿ ಹೇಳುವುದೇನು? ಎಡೆಬಿಡದ ಕಂಪನದಿಂದ ಲೋಹ ಬಳಲುತ್ತದೆ, ೧,೪೪೦ ಗಂಟೆಗಳ ಹಾರಾಟದ ಹೊತ್ತಿಗೆ ಬಾಲ ಕಳಚಿ ಬೀಳುತ್ತದೆ ಎಂದು. ಯಾರೂ ನಂಬದಿದ್ದಾಗ, ನೆಲದ ಮೇಲೆ ನಿಂತ ವಿಮಾನದ ಚಕ್ರಗಳನ್ನು ತಾನೇ ಒಳಕ್ಕೆಳೆದು ಅದನ್ನು ಕೆಡವಿಹಾಕುತ್ತಾನೆ. ಚಿತ್ರ ಬಂದ ಮೂರೇ ವರ್ಷಕ್ಕೆ, ೧೯೫೪ರ ಜನವರಿ ೧೦ರಂದು ಎಲ್ಬಾ ದ್ವೀಪದ ಬಳಿಯೂ ಏಪ್ರಿಲ್ ೮ರಂದು ನೇಪಲ್ಸ್ ಸಮೀಪದ ಸಮುದ್ರದಲ್ಲಿಯೂ ಎರಡು ಕಾಮೆಟ್ ಜೆಟ್ ವಿಮಾನಗಳು ಆಕಾಶದಲ್ಲೇ ಒಡೆದು ಬಿದ್ದವು. ೫೬ ಮಂದಿ ಸತ್ತರು. ಫಾರ್ನ್‌ಬರೋ ಪ್ರಯೋಗಾಲಯದವರು ವಿಮಾನದ ಒಡಲನ್ನು ನೀರಿನ ತೊಟ್ಟಿಯಲ್ಲಿಟ್ಟು, ಒತ್ತಡವನ್ನು ಮತ್ತೆ ಮತ್ತೆ ಏರಿಸಿ ಇಳಿಸಿ ಪರೀಕ್ಷಿಸಿ, ಲೋಹದ ಬಳಲಿಕೆಯೇ ಕಾರಣವೆಂದು ಕಂಡುಕೊಂಡರು. ಬಿರುಕಿದ್ದುದು ಬಾಲದಲ್ಲಲ್ಲ, ಒಡಲಿನಲ್ಲಿ; ಅಷ್ಟೇ ವ್ಯತ್ಯಾಸ. ಹೊರಗಿನ ಆಕಾರದಲ್ಲಿ ಅಷ್ಟು ಸುಳ್ಳಾದ ಚಿತ್ರ ಒಳಗಿನ ಭಯದಲ್ಲಿ ಇಷ್ಟು ನಿಜವಾಯಿತು.

ಇದರ ತಿರುವುಮುರುವಾದದ್ದು ೨೦೧೨ರ ‘ಫ್ಲೈಟ್’. ಕುಡುಕ ಚಾಲಕನೊಬ್ಬ ಕೆಟ್ಟುಹೋದ ವಿಮಾನವನ್ನು ತಲೆಕೆಳಗಾಗಿ ಹಾರಿಸಿ, ಮತ್ತೆ ನೆಟ್ಟಗೆ ಮಾಡಿ, ಹೊಲದಲ್ಲಿಳಿಸಿ, ೧೦೨ ಜನರಲ್ಲಿ ಆರು ಮಂದಿಯ ಹೊರತು ಎಲ್ಲರನ್ನೂ ಉಳಿಸುತ್ತಾನೆ. ಚಾಲಕರಲ್ಲಿ ಅನೇಕರು ಈ ಚಿತ್ರವನ್ನು ಕಂಡು ಸಿಟ್ಟಾದರು. ಇದರ ಹಿಂದಿರುವ ನಿಜ ಘಟನೆ ೨೦೦೦ದ ಜನವರಿ ೩೧ರದು. ಅಲಾಸ್ಕಾ ಏರ್‌ಲೈನ್ಸಿನ ವಿಮಾನವೊಂದರ ಬಾಲದ ತಿರುಪುದಂಡ, ಸಾಕಷ್ಟು ಕೀಲೆಣ್ಣೆ ಕಾಣದೆ, ಸವೆದು ಕಳಚಿತು. ಚಾಲಕರು ತಲೆಕೆಳಗಾದ ವಿಮಾನವನ್ನು ಹಾಗೆಯೇ ಹಾರಿಸಲು ಕೊನೆಯ ಗಳಿಗೆಯವರೆಗೂ ಹೆಣಗಿದರು. ೮೮ ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಆ ಇಬ್ಬರಲ್ಲಿ ಯಾರೂ ಕುಡಿದಿರಲಿಲ್ಲ. ಅವರ ಧೈರ್ಯವನ್ನು ಎರವಲು ತಂದು, ಅದಕ್ಕೆ ಕುಡುಕನ ಮುಖವನ್ನೂ ಸುಖದ ಇಳಿತವನ್ನೂ ಅಂಟಿಸಿದರೆಂಬ ನೋವು ವೃತ್ತಿಯವರಿಗೆ ಇದ್ದರೆ ಅದನ್ನು ಅರಸಿಕತನವೆನ್ನಲಾರೆ. ಚಿತ್ರದಲ್ಲಿ ಜನ ನಂಬಲಾಗದೆಂದ ಭಾಗ ಕುಡಿತದ್ದು; ಆದರೆ ೧೯೯೦ರಲ್ಲಿ ಅಮೆರಿಕದಲ್ಲಿ ಕುಡಿದು ವಿಮಾನ ನಡೆಸಿದುದಕ್ಕಾಗಿ ಮೂವರು ಚಾಲಕರಿಗೆ ಶಿಕ್ಷೆಯಾದದ್ದೂ ದಾಖಲೆಯಲ್ಲಿದೆ. ಸಂಭವನೀಯತೆಯ ವಿಷಯದಲ್ಲಿ ಲೋಕವು ಕವಿಗಿಂತ ಹೆಚ್ಚು ಸ್ವಚ್ಛಂದ.

ನಮ್ಮ ದೇಶದ ಚಿತ್ರಗಳಲ್ಲಿ ೨೦೨೨ರ ಹಿಂದಿಯ ‘ರನ್‌ವೇ ೩೪’ ಒಂದನ್ನು ಹೆಸರಿಸಿದರೆ ಸಾಕು. ೨೦೧೫ರ ಆಗಸ್ಟಿನಲ್ಲಿ ದೋಹಾದಿಂದ ಕೊಚ್ಚಿಗೆ ಹೊರಟ ವಿಮಾನ ಮಳೆಮೋಡಗಳಲ್ಲಿ ಇಳಿಯಲಾರದೆ, ಇಂಧನ ಮುಗಿಯುತ್ತ ಬಂದು, ಕಡೆಗೆ ತಿರುವನಂತಪುರದಲ್ಲಿಳಿದ ಪ್ರಸಂಗ ಅದಕ್ಕೆ ಪ್ರೇರಣೆ. ತಮ್ಮ ವೃತ್ತಿಯ ನಿಜವಾದ ಚಿತ್ರ ಇದಲ್ಲವೆಂದು ಭಾರತದ ಚಾಲಕರ ಒಕ್ಕೂಟವೇ ಹೇಳಿಕೆ ಕೊಟ್ಟಿತು.

ಇನ್ನು ‘ಸಲ್ಲಿ’. ವಿಮಾನಪ್ರಿಯರು ಒಮ್ಮತದಿಂದಲ್ಲದಿದ್ದರೂ ಬಹುಮತದಿಂದ ಮೆಚ್ಚಿದ ಚಿತ್ರವಿದು. ನನ್ನ ಆಕ್ಷೇಪಣೆ ಇರುವುದೂ ಇದರ ಬಗೆಗೇ. ೨೦೦೯ರ ಜನವರಿ ೧೫ರಂದು ನ್ಯೂಯಾರ್ಕಿನ ಲಾಗಾರ್ಡಿಯಾದಿಂದ ಹೊರಟ ಎ-೩೨೦ ವಿಮಾನಕ್ಕೆ ಸುಮಾರು ೨,೮೦೦ ಅಡಿ ಎತ್ತರದಲ್ಲಿ ಕೆನಡಾ ಹೆಬ್ಬಾತುಗಳ ಹಿಂಡು ಬಡಿಯಿತು. ಎರಡೂ ಎಂಜಿನ್ನುಗಳ ಬಲ ಉಡುಗಿತು. ನಾಯಕ ಸಲೆನ್‌ಬರ್ಗರ್, ಸಹಚಾಲಕ ಸ್ಕೈಲ್ಸ್. ೧೯,೦೦೦ ಗಂಟೆಗೂ ಮಿಕ್ಕಿ ಹಾರಿದ ಅನುಭವ ನಾಯಕನದು. ಹಕ್ಕಿ ಬಡಿದ ಸುಮಾರು ೨೦೮ ಸೆಕೆಂಡುಗಳಲ್ಲಿ ವಿಮಾನ ಹಡ್ಸನ್ ನದಿಯ ಮೇಲಿತ್ತು. ೧೫೫ ಮಂದಿಯೂ ಬದುಕಿದರು. ೨೦೧೬ರಲ್ಲಿ ಇದನ್ನು ಚಿತ್ರವಾಗಿಸಿದವನು ಕ್ಲಿಂಟ್ ಈಸ್ಟ್‌ವುಡ್. ಅವನೇ ೧೯೫೧ರಲ್ಲಿ, ತಾರುಣ್ಯದಲ್ಲಿ, ಸೇನೆಯ ವಿಮಾನವೊಂದು ಸಮುದ್ರಕ್ಕಿಳಿದಾಗ ಅದರಲ್ಲಿದ್ದು ಈಜಿ ದಡ ಸೇರಿದವನೆಂಬುದನ್ನು ನೆನೆದರೆ, ತಣ್ಣೀರಿನ ದೃಶ್ಯಗಳು ಅಷ್ಟು ಚೆನ್ನಾಗಿ ಬಂದುದಕ್ಕೆ ಆಶ್ಚರ್ಯವಿಲ್ಲ.

ಬಲ್ಲವರು ಮೆಚ್ಚಿದ್ದು ಚಾಲಕರ ಕೋಣೆಯನ್ನು. ಅಲ್ಲಿ ಯಾರೂ ಕೂಗುವುದಿಲ್ಲ. ಧ್ವನಿಮುದ್ರಕದಲ್ಲಿ ಉಳಿದ ನಿಜವಾದ ಮಾತುಗಳನ್ನೇ ಬಹುಮಟ್ಟಿಗೆ ನಟರು ಆಡುತ್ತಾರೆ. ಎಂಜಿನ್ ನಿಂತೊಡನೆ ನಾಯಕನು, ಸೂಚನಾಪಟ್ಟಿಯಲ್ಲಿ ಆ ಹೆಜ್ಜೆ ಬರುವುದಕ್ಕೆ ಬಹಳ ಮೊದಲೇ, ಬಾಲದಲ್ಲಿರುವ ಸಹಾಯಕ ಯಂತ್ರವನ್ನು ಚಾಲೂ ಮಾಡುತ್ತಾನೆ. ಇದರಿಂದ ವಿಮಾನಕ್ಕೆ ವಿದ್ಯುತ್ತು ತಪ್ಪಲಿಲ್ಲ. ಸಹಚಾಲಕ ಪುಸ್ತಕ ತೆರೆದು ಓದುತ್ತಾನೆ. ಆ ಪಟ್ಟಿ ಬರೆದದ್ದು ಬಹಳ ಎತ್ತರದಲ್ಲಿ ಎಂಜಿನ್ ಕೆಟ್ಟವರಿಗಾಗಿ, ಅದು ಮುಗಿಯುವಷ್ಟು ಆಕಾಶ ಇವರಿಗಿಲ್ಲ. ಏನಾದರೂ ಉಪಾಯವಿದೆಯೇ ಎಂದು ನಾಯಕ ಕೇಳುತ್ತಾನೆ. ಇಲ್ಲವೆನ್ನುತ್ತಾನೆ ಇನ್ನೊಬ್ಬ. ನಮ್ಮ ಆಲಂಕಾರಿಕರು ಭಯಾನಕಕ್ಕೆ ಹೇಳಿದ ನಡುಕ, ಸ್ವರಭೇದ, ಬಣ್ಣಗೆಡುವಿಕೆ ಒಂದೂ ಇಲ್ಲಿಲ್ಲ. ಆದರೂ ಸಹೃದಯನ ಎದೆಯಲ್ಲಿ ಅದೇ ರಸ ಮೂಡುತ್ತದೆ. ವಿಮಾನಪ್ರಿಯರು ಇಷ್ಟು ಕಾಲ ಗುಂಡಿ, ಹಿಡಿಕೆ, ಸದ್ದು ಎಂದು ಕೇಳುತ್ತಿದ್ದುದು ಇಂಥ ಒಂದು ಗಳಿಗೆಗಾಗಿಯೇ ಇರಬೇಕು.

ಆದರೆ ಸುಮಾರು ಒಂದೂವರೆ ಗಂಟೆಯ ಕಥೆಗೆ ೨೦೮ ಸೆಕೆಂಡುಗಳು ಸಾಲವು. ಎದುರಾಳಿ ಬೇಕು. ಹೆಬ್ಬಾತುಗಳನ್ನು ಖಳನಾಯಕರನ್ನಾಗಿ ಮಾಡಲು ಬರುವುದಿಲ್ಲ. ಆದ್ದರಿಂದ ಆ ಪಾತ್ರ ಅಪಘಾತದ ತನಿಖೆ ನಡೆಸಿದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯ ಪಾಲಿಗೆ ಬಂತು. ಚಿತ್ರದಲ್ಲಿ ಅವರು ಹುಬ್ಬು ಗಂಟಿಕ್ಕಿ ಕುಳಿತು, ನಿಲ್ದಾಣಕ್ಕೆ ಹಿಂದಿರುಗಬಹುದಾಗಿತ್ತಲ್ಲ ಎಂದು ನಾಯಕನನ್ನು ಹಣಿಯುತ್ತಾರೆ. ಅಣಕುಯಂತ್ರದಲ್ಲಿ ಹಾರಿದವರು ಸುಖವಾಗಿ ಹಿಂದಿರುಗಿದ್ದನ್ನು ತೋರಿಸುತ್ತಾರೆ. ಮನುಷ್ಯ ಯೋಚಿಸಲು ತೆಗೆದುಕೊಳ್ಳುವ ೩೫ ಸೆಕೆಂಡುಗಳನ್ನು ಸೇರಿಸಿರೆಂದು ನಾಯಕನೇ ಸಭೆಯಲ್ಲಿ ವಾದಿಸಿ ಗೆಲ್ಲುತ್ತಾನೆ. ನಡೆದದ್ದು ಹೀಗಲ್ಲ. ೩೫ ಸೆಕೆಂಡುಗಳ ತಡವನ್ನು ಸೇರಿಸಿ ಪರೀಕ್ಷಿಸಿದವರು ತನಿಖೆಯವರೇ. ಆಗ ವಿಮಾನ ನಿಲ್ದಾಣವನ್ನು ತಲುಪಲಿಲ್ಲ. ಬಹಿರಂಗ ವಿಚಾರಣೆ ೨೦೦೯ರ ಜೂನಿನಲ್ಲಿ, ವರದಿ ೨೦೧೦ರ ಮೇ ತಿಂಗಳಲ್ಲಿ. ನದಿಗಿಳಿಯುವ ನಿರ್ಧಾರವೇ ಎಲ್ಲರೂ ಬದುಕುವ ಸಂಭವವನ್ನು ಹೆಚ್ಚಿಸಿತೆಂದು ಆ ವರದಿ ಹೇಳಿತು. ಧ್ವನಿಮುದ್ರಿಕೆಯನ್ನು ತುಂಬಿದ ಸಭೆಯಲ್ಲಿ ಕೇಳಿಸುವ ದೃಶ್ಯವೂ ಕಲ್ಪಿತ. ಅದನ್ನು ಬಹಿರಂಗಪಡಿಸಲು ಅಲ್ಲಿನ ಕಾನೂನು ಬಿಡುವುದಿಲ್ಲ.

ಹದಿನೈದು ತಿಂಗಳನ್ನು ಹದಿನೈದು ದಿನಕ್ಕಿಳಿಸಿದುದಕ್ಕೆ ನನ್ನ ತಕರಾರಿಲ್ಲ. ಅದು ಭರತನು ಹೇಳಿದ ನಾಟ್ಯಧರ್ಮಿ. ರಂಗದ ಮೇಲೆ ನಾಲ್ಕು ಹೆಜ್ಜೆ ಸುತ್ತಿದರೆ ಊರು ದಾಟಿದಂತೆಂದು ಒಪ್ಪಿಕೊಂಡವರು ನಾವು. ಆದರೆ ನ್ಯಾಯವಾಗಿ ನಡೆದವರನ್ನು ಅನ್ಯಾಯದವರೆಂದು ತೋರಿಸುವುದು ಯಾವ ಧರ್ಮಿ? ವಿಮಾನಯಾನ ಇಂದು ಇಷ್ಟು ನಿರ್ಭಯವಾಗಿರುವುದು ಬದುಕುಳಿದ ಚಾಲಕರು ತನಿಖೆಯ ಮುಂದೆ ತಮ್ಮ ಎಡವಿಕೆಯನ್ನೂ ಮುಚ್ಚಿಡದೆ ಹೇಳುವುದರಿಂದ. ತನಿಖೆಯೆಂದರೆ ಬಲಿ ಹುಡುಕುವ ಕೂಟವೆಂದು ಅವರು ನಂಬಿದ ದಿನ ಬಾಯಿಗಳು ಮುಚ್ಚುತ್ತವೆ. ೧೯೯೦ರ ಫೆಬ್ರವರಿ ೧೪ರಂದು ಇದೇ ಎ-೩೨೦ ಜಾತಿಯ ವಿಮಾನ ಬೆಂಗಳೂರಿನ ಎಚ್.ಎ.ಎಲ್. ನಿಲ್ದಾಣದ ಅಂಚಿನಲ್ಲಿ ನೆಲಕ್ಕಪ್ಪಳಿಸಿ ೯೨ ಮಂದಿ ಸತ್ತರು. ವಿಚಾರಣೆ ಚಾಲಕರ ಲೋಪವನ್ನು ಕಾರಣವೆಂದು ಹೇಳಿತು. ಉತ್ತರ ಹೇಳಲು ಚಾಲಕರಿಬ್ಬರೂ ಉಳಿದಿರಲಿಲ್ಲ. ಸತ್ತವರ ಪರವಾಗಿ ಯಂತ್ರದ ದಾಖಲೆಗಳನ್ನು ತಾಳ್ಮೆಯಿಂದ ಓದಬೇಕಾದವರು ತನಿಖೆಯವರೇ. ಅವರ ಮೇಲೆ ಹಚ್ಚಿದ ಮಸಿ, ಜೆಟ್ಟಿಗೆ ಪಂಖದ ಸದ್ದು ಕೊಟ್ಟಂತೆ ನಕ್ಕು ಬಿಡುವ ತಪ್ಪಲ್ಲ.

ಚಿತ್ರ ಬಂದಾಗ ಆ ತನಿಖೆಯಲ್ಲಿ ದುಡಿದವರು ತಮ್ಮ ಬೇಸರವನ್ನು ಪತ್ರಿಕೆಗಳಲ್ಲಿ ಹೇಳಿಕೊಂಡರು. ವಿಮಾನಪ್ರಿಯರಲ್ಲಿಯೂ ಹಲವರು, ಕೋಣೆಯ ಗುಂಡಿಗಳನ್ನು ಮೆಚ್ಚಿದ ಮೇಲೆ, ಅವರ ಪಕ್ಷ ವಹಿಸಿ ಮಾತನಾಡಿದರು. ಆದರೆ ಅವರೆಲ್ಲರಿಗಿಂತ ಮೊದಲು ಆಕ್ಷೇಪಿಸಿದವನು ಇನ್ನೊಬ್ಬನಿದ್ದ. ಚಿತ್ರಕಥೆಯ ಕರಡಿನಲ್ಲಿ ತನಿಖೆಯವರ ನಿಜವಾದ ಹೆಸರುಗಳೇ ಇದ್ದವಂತೆ. ಅದನ್ನೋದಿದ ಸಲೆನ್‌ಬರ್ಗರ್, ಇವರು ತಮ್ಮ ಕೆಲಸ ಮಾಡಿದವರು, ದೋಷಾರೋಪಣೆಗೆ ಕುಳಿತವರಲ್ಲ, ಹೀಗೆ ತೋರಿಸುವುದಾದರೆ ಇವರ ಹೆಸರುಗಳನ್ನು ತೆಗೆಯಬೇಕೆಂದು ಕೇಳಿಕೊಂಡನೆಂದು ಅವನ ಪಾತ್ರ ವಹಿಸಿದ ಟಾಮ್ ಹ್ಯಾಂಕ್ಸ್ ಹೇಳಿದ್ದಾನೆ. ಹೆಸರುಗಳನ್ನು ಬದಲಾಯಿಸಲಾಯಿತು. ದೃಶ್ಯಗಳು ಹಾಗೆಯೇ ಉಳಿದವು.