ಕಾಲೇಜಿಗೆ ಗ್ರಂಥಭಂಡಾರವು ಏತಕ್ಕೆ ಬೇಕು?

ನಮ್ಮ ಶಾಲೆಯಲ್ಲಿ ಹತ್ತನೆಯ ತರಗತಿಯನ್ನು ಮುಗಿಸಿ ಹೋಗುವ ಹುಡುಗಿಯರ ತಾಯ್ತಂದೆಗಳು ಕಾಲೇಜುಗಳ ವಿಷಯವಾಗಿ ನನ್ನನ್ನು ಹಲವು ಪ್ರಶ್ನೆಗಳನ್ನು ಕೇಳುವುದುಂಟು. ಫೀಜು ಎಷ್ಟು, ಹಾಸ್ಟೆಲಿನಲ್ಲಿ ಊಟವು ಹೇಗೆ, ಬಸ್ಸು ಎಷ್ಟು ಹೊತ್ತಿಗೆ ಬರುವುದು, ಕಳೆದ ವರ್ಷ ಎಷ್ಟು ಮಂದಿ ತೇರ್ಗಡೆಯಾದರು—ಇವೆಲ್ಲವೂ ಕೇಳತಕ್ಕ ಪ್ರಶ್ನೆಗಳೇ ಸರಿ. ಆದರೆ ಆ ಕಾಲೇಜಿನ ಗ್ರಂಥಭಂಡಾರವು ಎಂತಹುದು, ಅದು ದಿನಕ್ಕೆ ಎಷ್ಟು ಗಂಟೆ ತೆರೆದಿರುವುದು ಎಂದು ವಿಚಾರಿಸುವವರು ಬಹು ವಿರಳ. ಆದಕಾರಣ ಈ ಸಂಚಿಕೆಯಲ್ಲಿ ಆ ವಿಷಯವನ್ನು ಕುರಿತು ನಾಲ್ಕು ಮಾತುಗಳನ್ನು ಬರೆಯಬೇಕೆಂದು ತೋರಿತು.

ಶಾಲೆಯ ಓದಿಗೂ ಕಾಲೇಜಿನ ಓದಿಗೂ ಇರುವ ಭೇದವನ್ನು ಮೊದಲು ತಿಳಿಯಬೇಕು. ಶಾಲೆಯಲ್ಲಿ ಒಂದು ವಿಷಯಕ್ಕೆ ಒಂದು ಪಠ್ಯಪುಸ್ತಕ. ಅದರಲ್ಲಿರುವುದನ್ನು ಚೆನ್ನಾಗಿ ಗ್ರಹಿಸಿದರೆ ಸಾಕು. ಕಾಲೇಜಿನಲ್ಲಾದರೋ ಒಂದೇ ಸಂಗತಿಯನ್ನು ಹಲವರು ಹಲವು ಬಗೆಯಾಗಿ ಹೇಳಿರುವುದನ್ನು ಓದಿ, ಒಂದರೊಡನೊಂದನ್ನು ಹೋಲಿಸಿ, ಯಾವುದು ನಂಬತಕ್ಕದ್ದೆಂದು ತಾನೇ ನಿರ್ಣಯಿಸುವುದನ್ನು ಕಲಿಯಬೇಕು. ಇದು ಒಂದೇ ಪುಸ್ತಕದಿಂದ ಆಗತಕ್ಕ ಕೆಲಸವಲ್ಲ.

ನಮ್ಮ ನೆರೆಯ ಕಂಪ್ಲಿಯನ್ನೇ ದೃಷ್ಟಾಂತವಾಗಿ ತೆಗೆದುಕೊಳ್ಳಿರಿ. ಕಂಪಿಲರಾಯನ ಮಗನಾದ ಕುಮಾರರಾಮನ ಕಥೆಯನ್ನು ಅಲ್ಲಿಯ ಹುಡುಗಿಯು ಅಜ್ಜಿಯ ಬಾಯಿಂದ ಕೇಳಿರುತ್ತಾಳೆ. ಗ್ರಂಥಭಂಡಾರಕ್ಕೆ ಹೋದರೆ ಅದೇ ಕಥೆಯನ್ನು ನಂಜುಂಡಕವಿಯು ಸಾಂಗತ್ಯದಲ್ಲಿ ಹೇಳಿರುವ ಕಾವ್ಯವು ದೊರೆಯುತ್ತದೆ. ಅದರಲ್ಲಿ ಮಲತಾಯಿ ರತ್ನಾಜಿಯ ಪ್ರಸಂಗವಿದೆ, ಕುಮಾರರಾಮನ ವೀರಮರಣವಿದೆ. ಇನ್ನೊಂದು ಬೀರುವಿನಲ್ಲಿ ಇಬ್ನ್ ಬತೂತನೆಂಬ ಪ್ರವಾಸಿಯ ಬರಹವಿರುತ್ತದೆ. ದೆಹಲಿಯ ಸುಲ್ತಾನನಿಗೆ ತಿರುಗಿಬಿದ್ದ ಬಂಧುವೊಬ್ಬನಿಗೆ ಕಂಪಿಲರಾಯನು ಆಶ್ರಯವಿತ್ತು, ಅದರ ನಿಮಿತ್ತ ರಾಜ್ಯವನ್ನೂ ಪ್ರಾಣವನ್ನೂ ಕಳೆದುಕೊಂಡನೆಂದೂ, ಆ ರಾಯನ ಮಕ್ಕಳನ್ನು ತಾನು ದೆಹಲಿಯಲ್ಲಿ ಕಂಡೆನೆಂದೂ ಅವನು ಹೇಳುತ್ತಾನೆ. ಕಂಪಿಲಿಯು 1327ರ ಸುಮಾರಿಗೆ ಬಿದ್ದಿತು. ಅಜ್ಜಿ, ಕವಿ, ಪ್ರವಾಸಿ ಈ ಮೂವರ ಮಾತೂ ಒಂದೇ ಮೇಜಿನ ಮೇಲೆ ಬಂದಾಗ ಆ ಹುಡುಗಿಯು ಕೇವಲ ಕೇಳುವವಳಾಗಿ ಉಳಿಯದೆ ಪರಿಶೀಲಿಸುವವಳಾಗುತ್ತಾಳೆ. ವಿದ್ಯೆಯೆಂದರೆ ಇದೇ.

ಹಂಪೆಯ ವೃತ್ತಾಂತವು ಇನ್ನೂ ಸೋಜಿಗವಾದುದು. ಕೃಷ್ಣದೇವರಾಯನ ಕಾಲದಲ್ಲಿ ವಿಜಯನಗರಕ್ಕೆ ಬಂದ ಪಾಯೆಸ್ ಎಂಬ ಪೋರ್ಚುಗೀಸನೂ, ಅಚ್ಯುತರಾಯನ ಕಾಲದಲ್ಲಿದ್ದ ನೂನಿಜ್ ಎಂಬ ಕುದುರೆ ವ್ಯಾಪಾರಿಯೂ ತಾವು ಕಂಡುಕೇಳಿದ್ದನ್ನು ಬರೆದಿಟ್ಟರು. ಪೇಟೆಯ ಬೀದಿಗಳು, ಮಹಾನವಮಿಯ ಉತ್ಸವ, ರಾಯನು ಕಟ್ಟಿಸುತ್ತಿದ್ದ ದೊಡ್ಡ ಕೆರೆಯಲ್ಲಿ ದುಡಿಯುತ್ತಿದ್ದ ಜನ ಇವೆಲ್ಲವೂ ಅವುಗಳಲ್ಲಿವೆ. 1565ರ ಬಳಿಕ ನಗರವು ಹಾಳಾಯಿತು. ಆದರೆ ಆ ಬರಹಗಳ ಪ್ರತಿಯು ಪ್ಯಾರಿಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಭದ್ರವಾಗಿತ್ತು. ಡೇವಿಡ್ ಲೋಪೆಸ್ ಎಂಬ ವಿದ್ವಾಂಸರು 1897ರಲ್ಲಿ ಅದನ್ನು ಲಿಸ್ಬನ್ನಿನಲ್ಲಿ ಅಚ್ಚುಹಾಕಿಸಿದರು. ಮದರಾಸು ಆಡಳಿತದ ಅಧಿಕಾರಿಯಾಗಿದ್ದ ರಾಬರ್ಟ್ ಸಿವೆಲ್ಲರು ಅದನ್ನು ಇಂಗ್ಲಿಷಿಗೆ ತಿರುಗಿಸಿ 1900ರಲ್ಲಿ ವಿಜಯನಗರದ ಚರಿತ್ರೆಯೊಡನೆ ಪ್ರಕಟಿಸಿದರು. ಕಲ್ಲಿನ ಕೋಟೆಯು ಕಾಯಲಾರದೆ ಹೋದ ಸಂಗತಿಗಳನ್ನು ಒಂದು ಪುಸ್ತಕಶಾಲೆಯ ಕಪಾಟು ಕಾಯ್ದಿತು ಎಂಬುದನ್ನು ಹೊಸಪೇಟೆಯವರಾದ ನಾವು ಮರೆಯಲಾಗದು.

ಚರಿತ್ರೆಗೆ ಮಾತ್ರವೇ ಈ ನಿಯಮವೆಂದು ತಿಳಿಯಬಾರದು. ಸಂಡೂರಿನ ಬೆಟ್ಟಗಳ ಅದುರನ್ನು ಕುರಿತು ಓದುವ ಭೂಗರ್ಭಶಾಸ್ತ್ರದ ವಿದ್ಯಾರ್ಥಿನಿಗೆ, ರಾಬರ್ಟ್ ಬ್ರೂಸ್ ಫೂಟರು ಬಳ್ಳಾರಿ ಸೀಮೆಯ ಭೂರಚನೆಯನ್ನು ಕುರಿತು 1895ರಲ್ಲಿ ಹೊರಡಿಸಿದ ಗ್ರಂಥವು ಇಂದಿಗೂ ಬೇಕಾಗುತ್ತದೆ. ಅದರ ಜೊತೆಗೆ ಈ ವರ್ಷದ ಶಾಸ್ತ್ರಪತ್ರಿಕೆಯೂ ಬೇಕು. ಹಳೆಯದನ್ನೂ ಹೊಸದನ್ನೂ ಒಟ್ಟಿಗೆ ಇರಿಸುವುದೇ ಯೂನಿವರ್ಸಿಟಿಯ ಗ್ರಂಥಭಂಡಾರದ ವಿಶೇಷ ಕರ್ತವ್ಯ.

ಹೀಗೆ ಕಾಯ್ದಿಡುವುದರಿಂದ ಆಗುವ ಫಲವನ್ನು ಮೈಸೂರಿನಲ್ಲಿ ಕಾಣಬಹುದು. 1891ರಲ್ಲಿ ಅಲ್ಲಿ ಪ್ರಾಚ್ಯ ಪುಸ್ತಕಭಂಡಾರವು ಸ್ಥಾಪಿತವಾಯಿತು. ತಂಜಾವೂರು ಸೀಮೆಯ ಪಂಡಿತರೊಬ್ಬರು ಅಲ್ಲಿಗೆ ಒಪ್ಪಿಸಿದ ತಾಳೆಯೋಲೆಯ ಕಟ್ಟಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವಿದ್ದುದನ್ನು ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು ಗುರುತಿಸಿ 1909ರಲ್ಲಿ ಮುದ್ರಿಸಿದರು. ಲೋಕವೆಲ್ಲ ಕಳೆದುಹೋಯಿತೆಂದು ಎಣಿಸಿದ್ದ ಗ್ರಂಥವು ಮತ್ತೆ ಕೈಗೆ ಬಂದಿತು. ಕಟ್ಟನ್ನು ಕೊಟ್ಟವರು, ಇಟ್ಟವರು, ಓದಬಲ್ಲವರು ಮೂವರೂ ಇದ್ದುದರಿಂದಲೇ ಇದು ಸಾಧ್ಯವಾಯಿತಷ್ಟೆ.

ಪುಸ್ತಕಗಳನ್ನು ರಾಶಿಹಾಕಿ ಬೀಗ ಹಾಕಿದರೆ ಅದು ಉಗ್ರಾಣವೇ ಹೊರತು ಗ್ರಂಥಭಂಡಾರವಲ್ಲ. 1924ರಲ್ಲಿ ಮದರಾಸು ಯೂನಿವರ್ಸಿಟಿಯ ಗ್ರಂಥಪಾಲಕರಾದ ಎಸ್. ಆರ್. ರಂಗನಾಥನ್‌ರವರು ಈ ತತ್ವವನ್ನು ನಾಡಿಗೆಲ್ಲ ಕಲಿಸಿದರು. ಪುಸ್ತಕವು ಉಪಯೋಗಕ್ಕಾಗಿ ಇರುವುದೆಂದೂ, ಓದುವವರ ಹೊತ್ತನ್ನು ಉಳಿಸಬೇಕೆಂದೂ ಅವರು ಬೋಧಿಸಿ, ವಿಷಯಾನುಸಾರವಾಗಿ ಪುಸ್ತಕಗಳನ್ನು ವಿಂಗಡಿಸುವ ಹೊಸ ಕ್ರಮವೊಂದನ್ನು 1933ರಲ್ಲಿ ಪ್ರಕಟಿಸಿದರು. ನಮ್ಮ ಬಳ್ಳಾರಿ ಸೀಮೆಯು 1953ರವರೆಗೆ ಮದರಾಸಿಗೆ ಸೇರಿದ್ದಿತು. ಒಳ್ಳೆಯ ಗ್ರಂಥಪಾಲಕರು ಉಪಾಧ್ಯಾಯರಿಗೆ ಸಮಾನರು. ಪ್ರಶ್ನೆಯನ್ನು ಕೇಳಿ, ಅದಕ್ಕೆ ತಕ್ಕ ಪುಸ್ತಕದ ಬಳಿಗೆ ಕರೆದೊಯ್ಯುವುದು ಅವರ ವಿದ್ಯೆ.

ನಮ್ಮ ಭಾಗದವರು ಈ ವಿಷಯದಲ್ಲಿ ಭಾಗ್ಯವಂತರು. 1991ರಲ್ಲಿ ಹಂಪೆಯ ಬಳಿ ಕನ್ನಡ ವಿಶ್ವವಿದ್ಯಾಲಯವು ಆರಂಭವಾಯಿತು. ಅಲ್ಲಿಯ ಗ್ರಂಥಾಲಯಕ್ಕೆ ‘ಅಕ್ಷರ’ ಎಂದೇ ಹೆಸರು. ಓಲೆಗರಿ ಮತ್ತು ಕಾಗದದ ಹಸ್ತಪ್ರತಿಗಳಿಗಾಗಿ ಬೇರೊಂದು ವಿಭಾಗವೂ ಇದೆ. ಬಳ್ಳಾರಿಯಲ್ಲಿ 2010ರಲ್ಲಿ ಸ್ಥಾಪಿತವಾದ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವು ಸಂಡೂರು ತಾಲ್ಲೂಕಿನ ನಂದಿಹಳ್ಳಿಯಲ್ಲಿದೆ.

ಎಲ್ಲವೂ ಮೊಬೈಲಿನಲ್ಲಿಯೇ ದೊರೆಯುವಾಗ ಕಟ್ಟಡವೇಕೆ ಎಂದು ಕೆಲವರು ಕೇಳಬಹುದು. ದೊರೆಯುವುದು ನಿಜ, ಆದರೆ ನೆಚ್ಚತಕ್ಕ ಶಾಸ್ತ್ರಪತ್ರಿಕೆಗಳಲ್ಲಿ ಅನೇಕವು ಹಣ ತೆತ್ತವರಿಗೆ ಮಾತ್ರ ತೆರೆಯುತ್ತವೆ. ಆ ಹಣವನ್ನು ವಿದ್ಯಾರ್ಥಿನಿಯ ಪರವಾಗಿ ತೆರುವುದು ಗ್ರಂಥಭಂಡಾರವೇ. ದೇಶದ ಸಂಶೋಧನ ಪ್ರಬಂಧಗಳನ್ನು ಎಲ್ಲರಿಗೂ ಬಿಟ್ಟಿಯಾಗಿ ಒದಗಿಸುವ ‘ಶೋಧಗಂಗಾ’ವು ಸಹ ಯೂನಿವರ್ಸಿಟಿಗಳ ಗ್ರಂಥಾಲಯಗಳ ಸಹಕಾರದಿಂದಲೇ ನಡೆಯುತ್ತಿದೆ. ಇದನ್ನು ಬಳಸುವ ಬಗೆಯನ್ನು ಕಲಿಸುವವರೂ ಬೇಕಲ್ಲವೆ?

ಕೊನೆಯದಾಗಿ ಮುಖ್ಯವಾದ ಮಾತು. ಗಣಿಯ ಕೂಲಿಯವನ ಮಗಳೂ ಗಣಿಯ ಧಣಿಯ ಮಗಳೂ ಒಂದೇ ಪುಸ್ತಕವನ್ನು ಒಂದೇ ಬೆಳಕಿನಲ್ಲಿ ಓದಬಹುದಾದ ಸ್ಥಳವು ಕಾಲೇಜಿನಲ್ಲಿ ಇದೊಂದೇ. ಮನೆಯಲ್ಲಿ ಓದಲು ಮೂಲೆಯಿಲ್ಲದ ಹುಡುಗಿಗೆ ಅದು ಪುಸ್ತಕಕ್ಕಿಂತಲೂ ದೊಡ್ಡ ಉಪಕಾರ. ಆದಕಾರಣ ತಾಯ್ತಂದೆಗಳೇ, ಮಗಳು ಗ್ರಂಥಭಂಡಾರದಲ್ಲಿ ಕುಳಿತು ಮುಂದಿನ ಬಸ್ಸಿಗೆ ಬರುತ್ತೇನೆಂದರೆ ಗದರಿಸಬೇಡಿರಿ. ಅವಳು ಹೊತ್ತು ಕಳೆಯುತ್ತಿಲ್ಲ, ಹೊತ್ತನ್ನು ಗಳಿಸುತ್ತಿದ್ದಾಳೆ. ಹಳೆಯ ವಿದ್ಯಾರ್ಥಿನಿಯರೇ, ನಿಮ್ಮ ಅಟ್ಟದಲ್ಲಿ ಹಳೆಯ ಓಲೆಕಟ್ಟುಗಳೋ ಕಡತಗಳೋ ಇದ್ದರೆ ರದ್ದಿಗೆ ಹಾಕುವ ಮೊದಲು ತಿಳಿದವರಿಗೆ ತೋರಿಸಿರಿ. ನಿಮ್ಮ ತಂಗಿಯರು ಕಾಲೇಜಿಗೆ ಸೇರುವ ದಿನ ಫೀಜಿನ ರಸೀತಿಯೊಡನೆ ಗ್ರಂಥಭಂಡಾರದ ಕಾರ್ಡನ್ನೂ ಕೇಳಿ ತೆಗೆದುಕೊಳ್ಳುವಂತೆ ಹೇಳಿರಿ.